ಗಿಡಮರ ಓದಿ ಏನು ಮಾಡುವುದು?

ಹೋದ ಭಾನುವಾರ ಕಲ್ಯಾಣದ ಅಕ್ಕನ ಮನೆಗೆ ಹೋದೊಡನೆ ನನ್ನನ್ನು ಪಂಚಾಯಿತಿಗೆ ಕೂರಿಸಿದರು. ಹನ್ನೆರಡನೆಯ ತರಗತಿ ಮುಗಿಸಿದ ಸೋದರಸೊಸೆ, ಸಸ್ಯಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದು ಹಟ ಹಿಡಿದಿದ್ದಾಳೆ. "ಗಿಡಮರ ಓದಿ ಏನು ಮಾಡುವುದು? ನೀನಾದರೂ ಬುದ್ಧಿ ಹೇಳಯ್ಯ" ಎಂದರು ಭಾವ.

ಬಿ.ಎ. ಮಾಡಿ ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟುವ ನಾನು ಬುದ್ಧಿ ಹೇಳುವುದುಂಟೆ? ನನಗೆ ತಿಳಿದಿದ್ದ ಬಿ.ಜಿ.ಎಲ್. ಸ್ವಾಮಿಯವರ ಕಥೆಯನ್ನು ಹೇಳಿದೆ.

ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅಮೆರಿಕದ ಹಾರ್ವರ್ಡಿನಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿ, ಮುಂದೆ ತಾವು ಗುರುತಿಸಿದ ಸಸ್ಯವೊಂದಕ್ಕೆ 'ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ' ಎಂದು ಆ ಗುರುವಿನ ಹೆಸರನ್ನೇ ಇಟ್ಟರು. 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋಗಿ, ಅಲ್ಲಿಯೇ ಪ್ರಿನ್ಸಿಪಾಲರೂ ಆದರು. 1980ರಲ್ಲಿ ತೀರಿಕೊಂಡರು.

ಅವರ ಪಾಠ ತರಗತಿಯ ಗೋಡೆಗಳೊಳಗೆ ಮುಗಿಯುತ್ತಿರಲಿಲ್ಲ. ಹುಡುಗ ಹುಡುಗಿಯರನ್ನು ಕಾಡುಮೇಡಿಗೆ ಕರೆದೊಯ್ದು, ಗಿಡದ ಮುಂದೆ ನಿಲ್ಲಿಸಿ ಕಲಿಸುತ್ತಿದ್ದರು. ಆ ತಿರುಗಾಟಗಳ ಕಥೆಯೇ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಾವು ದಿನವೂ ತಿನ್ನುವ ಆಲೂಗಡ್ಡೆ, ಮೆಣಸಿನಕಾಯಿಗಳು ಸಮುದ್ರ ದಾಟಿ ಬಂದ ಸಂಗತಿಯನ್ನು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'ದಲ್ಲಿ ಬರೆದರು. ಇದನ್ನು ಕೇಳಿ ಅಕ್ಕ, ಒಗ್ಗರಣೆಗೆ ಹಿಡಿದಿದ್ದ ಮೆಣಸಿನಕಾಯಿಯನ್ನು ಒಮ್ಮೆ ತಿರುಗಿಸಿ ನೋಡಿದಳು!

ವಾಚಕರೇ, ಮನೆಗೆ ಕನ್ನಡ, ಕಸುಬಿಗೆ ಬೇರೆ ಭಾಷೆ ಎಂಬುದು ಪರಊರಿನಲ್ಲಿರುವ ನಮ್ಮೆಲ್ಲರ ಪಾಡು. ಸ್ವಾಮಿಯವರೂ ನಮ್ಮಂತೆಯೇ ಪರಊರಿನಲ್ಲಿದ್ದರು. ಆದರೆ ತಮ್ಮ ಕಸುಬನ್ನೇ ಕನ್ನಡಕ್ಕೆ ತಂದರು. ಗಿಡಮರ ಓದಿ ಅವರು ಮಾಡಿದ್ದು ಇದನ್ನು.

ಭಾವ ಮಾತಾಡಲಿಲ್ಲ. ಸಂಜೆ ಸೊಸೆ ನನ್ನೊಡನೆ ಠಾಣೆಗೆ ಹೊರಟಳು. ಕಳವಾ ದಾಟಿ ರೈಲು ಖಾಡಿಯ ಸೇತುವೆಗೆ ಬಂದಾಗ ನೀರಿನ ಇಳಿತ. ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರೇ ಕೆಸರು. "ಮಾಮ, ಆ ಕೆಸರಿನಲ್ಲಿ ಬೇರಿಗೆ ಗಾಳಿ ಸಾಲದು. ಅದಕ್ಕೇ ಕಡ್ಡಿ ನೆಟ್ಟ ಹಾಗೆ ಬೇರುಗಳು ಮೇಲೆ ಬಂದು ಉಸಿರಾಡುತ್ತವೆ" ಎಂದಳು. ಹತ್ತು ವರ್ಷದಿಂದ ಆ ಸೇತುವೆ ದಾಟುತ್ತಿದ್ದೇನೆ. ನನ್ನ ಕಣ್ಣಿಗೆ ಬಿದ್ದಿದ್ದು ಕೆಸರು ಮಾತ್ರ.

ನಮ್ಮ ಪತ್ರಿಕೆ ಬರುವುದು ಮೂರು ತಿಂಗಳಿಗೊಮ್ಮೆ. ಕಾಲೇಜಿನ ಅರ್ಜಿಯ ಗಡುವು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಮನೆ ಸೇರಿದೊಡನೆ ಭಾವನಿಗೆ ಫೋನು ಮಾಡಿದೆ.

"ಅರ್ಜಿ ತುಂಬಿ ಆಯಿತಯ್ಯ. ಆ ಪುಸ್ತಕ ನಿನ್ನ ಹತ್ತಿರ ಇದೆಯೆ?" ಎಂದರು.