ಪ್ರಾಥಮಿಕ ತರಗತಿಗೆ ಮೊಬೈಲ್: ಯಾರ ಕೈಯಲ್ಲಿ, ಎಷ್ಟು ಹೊತ್ತು?

ಬೆಂಗಳೂರು: ಸರ್ಕಾರಿ ಶಾಲೆಗಳ ಪಠ್ಯಪುಸ್ತಕಗಳಲ್ಲಿ ಪಾಠದ ಪಕ್ಕದಲ್ಲೇ ಕಪ್ಪು ಬಿಳುಪಿನ ಒಂದು ಚೌಕ ಕಾಣಸಿಗುತ್ತದೆ. ಈ ಕ್ಯೂಆರ್ ಸಂಕೇತದತ್ತ ಮೊಬೈಲ್ ಹಿಡಿದರೆ, 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ದೀಕ್ಷಾ' ವೇದಿಕೆಯ ಪಾಠಗಳು ತೆರೆದುಕೊಳ್ಳುತ್ತವೆ. ಆದರೆ ಆ ಪುಸ್ತಕ ಹಿಡಿದ ಮಗು ಶಾಲೆಗೆ ಮೊಬೈಲ್ ತಂದರೆ ಗದರಿಕೆ ತಪ್ಪಿದ್ದಲ್ಲ. ಪುಸ್ತಕ ಕರೆಯುವ ಸಾಧನವನ್ನು ಶಾಲೆಯ ಬಾಗಿಲು ಹೊರಗೆ ನಿಲ್ಲಿಸುತ್ತಿದೆ.

ಈ ಗೊಂದಲ ಕರ್ನಾಟಕಕ್ಕೆ ಸೀಮಿತವಲ್ಲ. ಯುನೆಸ್ಕೊ ಲೆಕ್ಕದಂತೆ 2023ರ ಕೊನೆಗೆ ಜಗತ್ತಿನ 60 ಶಿಕ್ಷಣ ವ್ಯವಸ್ಥೆಗಳು ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ನಿಷೇಧಿಸಿದ್ದವು. 2024ರ ಕೊನೆಗೆ ಈ ಸಂಖ್ಯೆ 79ಕ್ಕೆ ಏರಿತು. ಅದೇ ವೇಳೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಿಕೆಯಲ್ಲಿ ತಂತ್ರಜ್ಞಾನದ ಬಳಕೆಗೆ ಒತ್ತು ನೀಡಿದೆ. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ನಿಷೇಧದ ಮಾತು ಮಗುವಿನ ಜೇಬಿನಲ್ಲಿರುವ ಫೋನಿನ ಕುರಿತಾದದ್ದು. ಕಲಿಕೆಗೆ ನೆರವಾಗಬಲ್ಲದ್ದು ಶಿಕ್ಷಕರ ಕೈಯಲ್ಲಿರುವ ಫೋನು. ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ನಿಷೇಧವೂ ವಿಫಲ, ಪ್ರೋತ್ಸಾಹವೂ ನಿಷ್ಫಲ.

ಕೋವಿಡ್ ಕಲಿಸಿದ ಪಾಠ

ಮಕ್ಕಳ ಕೈಗೆ ಫೋನು ಕೊಟ್ಟು ಪಾಠವನ್ನು ಅದಕ್ಕೇ ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿದೆ. ಐದನೇ ತರಗತಿಯವರೆಗಿನ ಆನ್‌ಲೈನ್ ಪಾಠಗಳನ್ನು ನಿಷೇಧಿಸಿ ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಆದೇಶ ಹೊರಡಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರದ 'ಪ್ರಜ್ಞತಾ' ಮಾರ್ಗಸೂಚಿಯು 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳ ಮಿತಿ ವಿಧಿಸಿತು.

ಆದರೆ ಗ್ರಾಮೀಣ ಪ್ರದೇಶಗಳಲ್ಲಿ ಇದ್ದ ಸಮಸ್ಯೆ ಬೇರೆಯೇ. 'ಅಸರ್' ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಶಾಲಾ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ 2018ರಲ್ಲಿ ಶೇ 36.5, 2021ರಲ್ಲಿ ಶೇ 67.6. ಏರಿಕೆ ದೊಡ್ಡದೇ. ಆದರೆ ಫೋನ್ ಇದ್ದ ಮನೆಗಳಲ್ಲೂ ಶೇ 26.1ರಷ್ಟು ಮಕ್ಕಳಿಗೆ ಅದು ಬಳಕೆಗೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಕೂಲಿಗೆ ಹೊರಡುವ ಅಪ್ಪನ ಜೇಬಿನಲ್ಲಿ ಫೋನೂ ಹೊರಡುತ್ತದೆ. ಸಂಜೆ ಅದು ಮನೆಗೆ ಬಂದಾಗ ಮೊದಲ ಸರದಿ ಸಾಮಾನ್ಯವಾಗಿ ದೊಡ್ಡ ತರಗತಿಯ ಅಣ್ಣನದ್ದು. ಎರಡನೇ ತರಗತಿಯ ತಂಗಿಯ ಪಾಲಿಗೆ ಉಳಿಯುವುದು ನಿದ್ದೆ.

ಪರಿಣಾಮ ಅಂಕಿ-ಅಂಶಗಳಲ್ಲಿ ದಾಖಲಾಗಿದೆ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2ರಿಂದ 6ನೇ ತರಗತಿಯ ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಹೊಂದಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ 82.

ರಾಜ್ಯದ 'ವಿದ್ಯಾಗಮ' ಯೋಜನೆ ಹಿಡಿದ ದಾರಿ ಇಲ್ಲಿ ಗಮನಾರ್ಹ. 2020ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆ ಮಕ್ಕಳನ್ನು ಫೋನೇ ಇಲ್ಲದವರು, ಸಾಧಾರಣ ಫೋನ್ ಇರುವವರು, ಅಂತರ್ಜಾಲವಿರುವ ಸಾಧನ ಉಳ್ಳವರು ಎಂದು ವಿಂಗಡಿಸಿತು. ಶಿಕ್ಷಕರೇ ಊರೊಳಗೆ ಹೋಗಿ ದೇವಸ್ಥಾನದ ಜಗುಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡಿತಾದರೂ, ಸಾಧನಕ್ಕಿಂತ ಮೊದಲು ಮಗುವಿನ ಸ್ಥಿತಿ ನೋಡಬೇಕೆಂಬ ಅದರ ವಿವೇಕ ಇಂದಿಗೂ ಪ್ರಸ್ತುತ.

ದನಿಗಿರುವ ಬಲ

ಶಾಲೆಗಳು ಮುಚ್ಚಿದ್ದ ಅದೇ 2020ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸುಮಾರು 4,500 ಕುಟುಂಬಗಳನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. 3ರಿಂದ 5ನೇ ತರಗತಿಯ ಮಕ್ಕಳ ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸಲಾಯಿತು. ಕೆಲವು ಮನೆಗಳಿಗೆ ಇದರ ಜೊತೆಗೆ ಇಪ್ಪತ್ತು ನಿಮಿಷಗಳೊಳಗಿನ ದೂರವಾಣಿ ಕರೆಯನ್ನೂ ಮಾಡಲಾಯಿತು. ಬರಿಯ ಸಂದೇಶದಿಂದ ಹೇಳಿಕೊಳ್ಳುವಂಥ ಫಲ ದೊರೆಯಲಿಲ್ಲ. ಕರೆ ಬಂದ ಮನೆಗಳ ಮಕ್ಕಳ ಗಣಿತ ಮಾತ್ರ ಸುಧಾರಿಸಿತು. ಬಳಸಿದ್ದು ದುಬಾರಿ ಸಾಧನವನ್ನಲ್ಲ, ಸಾಧಾರಣ ಫೋನನ್ನು. ಫಲ ಕೊಟ್ಟದ್ದು ಯಂತ್ರವಲ್ಲ, ಅದರಾಚೆಗಿದ್ದ ಕಲಿಸುವವರ ದನಿ.

ನಲಿ-ಕಲಿಯ ಮೂಲೆಯಲ್ಲಿ

ಹಾಗಾದರೆ ತರಗತಿಯೊಳಗೆ ಮೊಬೈಲಿಗೆ ಜಾಗ ಎಲ್ಲಿ? ಇದಕ್ಕೆ ಉತ್ತರ ಕರ್ನಾಟಕದ ಬಳಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ 'ನಲಿ-ಕಲಿ' ಪದ್ಧತಿಯಲ್ಲಿ ಮಕ್ಕಳು ಗುಂಪುಗಳಾಗಿ ಕುಳಿತು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಇಂಥ ತರಗತಿಯಲ್ಲಿ ಒಂದು ಗುಂಪಿಗೆ ಹತ್ತು ನಿಮಿಷ ಶಾಲೆಯ ಫೋನು ಸಿಕ್ಕರೆ ಅದೂ ಒಂದು ಕಾರ್ಡಿನಂತೆಯೇ ಸರದಿಯಲ್ಲಿ ಬಂದು ಹೋಗುತ್ತದೆ. ಮಗು ಓದಿದ್ದನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿದರೆ ಎಲ್ಲಿ ಎಡವಿದೆ ಎಂಬುದು ಅದಕ್ಕೇ ತಿಳಿಯುತ್ತದೆ. ಇದಕ್ಕೆ ಅಂತರ್ಜಾಲವೂ ಬೇಡ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಲಭ್ಯ. ಅಕ್ಷರ ಫೌಂಡೇಶನ್‌ನ ಗಣಿತದ ಆಟಗಳ ಆ್ಯಪ್ ಕೂಡ ಉಚಿತ.

ಆದರೆ ಆ ಫೋನು ಯಾರದ್ದು, ಡೇಟಾ ಖರ್ಚು ಯಾರದ್ದು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಶಿಕ್ಷಕರ ಸ್ವಂತ ಮೊಬೈಲು ಈಗಾಗಲೇ ಇಲಾಖೆಯ ದಾಖಲೆ, ವರದಿ, ವಾಟ್ಸ್‌ಆ್ಯಪ್ ಸೂಚನೆಗಳಿಂದ ಬಸವಳಿದಿದೆ. ಮಾಹಿತಿ ತುಂಬಿಸಲು ಕೈಗೆತ್ತಿಕೊಂಡ ಫೋನು ಪಾಠದ ಸಮಯವನ್ನು ನುಂಗುತ್ತದೆಯೇ ಹೊರತು ಪಾಠವನ್ನು ಬೆಳೆಸುವುದಿಲ್ಲ.

ಸಾಧನಗಳು ಬಂದು ಹೋಗುವುದು ಶಾಲೆಗೆ ಹೊಸದಲ್ಲ. 2004ರಲ್ಲಿ ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಿತ್ತರಗೊಂಡಿದ್ದವು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಫೋನಿನ ಆಯುಷ್ಯವಂತೂ ಇನ್ನೂ ಕಡಿಮೆ.

ಬಳಕೆಯೇ ಕಲಿಕೆಯಲ್ಲ

2024ರ 'ಅಸರ್' ವರದಿಯಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳ ಪೈಕಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇ 76. ಫೋನ್ ತಾನಾಗಿಯೇ ಮಕ್ಕಳನ್ನು ಪಾಠದತ್ತ ಒಯ್ಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ವರದಿಯಂತೆ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳು ಶೇ 27.1 ಮಾತ್ರ. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದು, ಲೆಕ್ಕ ಬಲ್ಲದ್ದಾಗಬೇಕೆಂಬುದು 2021ರಲ್ಲಿ ಆರಂಭವಾದ 'ನಿಪುಣ್ ಭಾರತ್'ನ ಗುರಿ.

ಸರ್ಕಾರ ಮೊದಲು ಮಾಡಬೇಕಾದ ಕೆಲಸ ಸರಳ. ಸಾಧನ ಶಾಲೆಯ ಆಸ್ತಿಯಾಗಲಿ, ಖರ್ಚು ಶಾಲೆಯ ಲೆಕ್ಕದಲ್ಲಿರಲಿ, ಬಳಕೆಯ ಹೊತ್ತು ನಿಗದಿಯಾಗಲಿ, ಏನನ್ನು ತೋರಿಸಬೇಕೆಂಬ ತೀರ್ಮಾನ ಶಿಕ್ಷಕರದ್ದಾಗಲಿ. ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನಿಭಾಯಿಸುವ ಶಾಲೆಗೆ ಮೊದಲು ಬೇಕಿರುವುದು ಇನ್ನೊಬ್ಬ ಶಿಕ್ಷಕ, ಆಮೇಲೆ ಫೋನು. ಈ ಅನುಕ್ರಮ ತಲೆಕೆಳಗಾದರೆ ಪಠ್ಯಪುಸ್ತಕದ ಆ ಚೌಕ ಬಡ ಮಗುವಿನ ಪಾಲಿಗೆ ಬರಿಯ ಚಿತ್ರವಾಗಿಯೇ ಉಳಿದೀತು.