ಅರ್ಬುದಶೇಷ

ನಮ್ಮ ಗದಗ-ಬೆಟಗೇರಿಯ ಸುಶಿಕ್ಷಿತ ಮನೆತನಗಳಲ್ಲಿ ಒಂದು ಮಾತು ಬಹು ಸಮಾಧಾನದಿಂದ ಆಡಲ್ಪಡುತ್ತಿರುವದು: “ಗಂಟು ತೆಗೆದಾಯಿತು, ಇನ್ನೇನು ಚಿಂತೆಯಿಲ್ಲ.” ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದ ಹೆಣ್ಣುಮಗಳನ್ನು ನೋಡಲು ಹೋದವರಿಗೆ ಪಡಸಾಲೆಯಲ್ಲಿ ಚಹದೊಂದಿಗೆ ದೊರೆಯುವ ಮಾತಿದು. ಮುಂದೆ ಕಿಮೊಥೆರಪಿ, ಆ ಮೇಲೆ ಕಿರಣಚಿಕಿತ್ಸೆ, ಅದಾದ ತರುವಾಯ ವರ್ಷಾನುಗಟ್ಟಲೆ ಗುಳಿಗೆ ಎಂದು ಡಾಕ್ಟರರು ಬರೆದುಕೊಟ್ಟ ಚೀಟಿಯು ದೇವರ ಮನೆಯ ಮಾಡದಲ್ಲಿ ಮಡಚಿ ಇಡಲ್ಪಟ್ಟಿರುವದು. ಈ ಸಮಾಧಾನವನ್ನು ಖಂಡಿಸುವದೇ ಈ ಲೇಖನದ ಉದ್ದೇಶವು.

ಮೊದಲು ಶಾಸ್ತ್ರದ ಹೆಸರು ಹೇಳುವವರಿಗೆ ಉತ್ತರ ಕೊಡುವೆನು. ಕತ್ತರಿಸಿದ್ದು ಸಾಕು, ಆ ಉಗ್ರವಾದ ಔಷಧಗಳು ನಮ್ಮ ಪ್ರಕೃತಿಗೆ ಒಗ್ಗವು, ಇನ್ನು ಕಷಾಯವೊಂದಿದ್ದರೆ ಆಯಿತು ಎಂದು ಇವರು ವಾದಿಸುವರು. ಇವರು ಸುಶ್ರುತನನ್ನು ತೆರೆದು ನೋಡಿದ್ದಾರೆಯೆ? ಚಿಕಿತ್ಸಾಸ್ಥಾನದಲ್ಲಿ ಅರ್ಬುದದ ಪ್ರಸ್ತಾಪ ಬಂದಾಗ ಆ ಮಹರ್ಷಿಯು ನಿಸ್ಸಂದಿಗ್ಧವಾಗಿ ಎಚ್ಚರಿಸಿರುವನು: ಶೇಷವನ್ನುಳಿಸಿ ಅರ್ಬುದವನ್ನು ತೆಗೆದರೆ ಅದು ಬೇಗನೆ ಮತ್ತೆ ಹುಟ್ಟುವದು, ನಂದದೆ ಉಳಿದ ಬೆಂಕಿಯಂತೆ ಕೊಲ್ಲುವದು. ಋಣಶೇಷ, ಅಗ್ನಿಶೇಷ, ವ್ಯಾಧಿಶೇಷಗಳ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವೇ ಮನೆಯ ಹೆಣ್ಣುಮಗಳ ಮೈಯಲ್ಲಿ ಶೇಷವನ್ನುಳಿಸಿ ಕೂಡ್ರುವದು ಯಾವ ಶಾಸ್ತ್ರ?

ಈ ಶೇಷವು ಕಣ್ಣಿಗೆ ಕಾಣದು. ಗಂಟು ಕೈಗೆ ಹತ್ತುವ ಮೊದಲೇ ಅದರ ಸೂಕ್ಷ್ಮ ಕಣಗಳು ರಕ್ತದಲ್ಲಿಯೂ ಬಗಲಿನ ಗ್ರಂಥಿಗಳಲ್ಲಿಯೂ ಸೇರಿರಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೇರಿಕೆಯ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಎದೆಯ ಸ್ನಾಯುಗಳ ಸಹಿತ ಅಗಲವಾಗಿ ಕತ್ತರಿಸಿದರೆ ರೋಗವು ನಿರ್ಮೂಲವಾಗುವದೆಂದು ನಂಬಿದನು. ಲೋಕವು ಬಹುಕಾಲ ಅವನ ದಾರಿಯಲ್ಲಿಯೇ ನಡೆಯಿತು. ಬರ್ನಾರ್ಡ್ ಫಿಶರ್ ಎಂಬವರು ಪ್ರಯೋಗಗಳನ್ನು ನಡೆಸಿ ಆ ನಂಬಿಕೆಯನ್ನು ಅಲ್ಲಗಳೆದರು. 2002ರಲ್ಲಿ ಪ್ರಕಟವಾದ ಅವರ 20 ವರ್ಷಗಳ ಫಲಿತಾಂಶದಲ್ಲಿ ಇಡೀ ಸ್ತನವನ್ನು ತೆಗೆಸಿಕೊಂಡವರೂ, ಗಂಟನ್ನಷ್ಟೇ ತೆಗೆಸಿ ಕಿರಣಚಿಕಿತ್ಸೆ ಪಡೆದವರೂ ಸಮನಾಗಿ ಬದುಕಿದ್ದು ಕಂಡುಬಂದಿತು. ಆದರೆ ಗಂಟನ್ನು ಮಾತ್ರ ತೆಗೆಸಿ ಕಿರಣವನ್ನು ಬಿಟ್ಟವರಲ್ಲಿ ನೂರಕ್ಕೆ 39 ಜನರಿಗೆ ಅದೇ ಸ್ತನದಲ್ಲಿ ರೋಗವು ಮರಳಿತು. ಕಿರಣ ಪಡೆದವರಲ್ಲಿ 14 ಜನರಿಗೆ. ಸುಶ್ರುತನ ಅಗ್ನಿಶೇಷಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯವನ್ನು ನಾನು ಓದಿಲ್ಲ.

ಎಲ್ಲರಿಗೂ ಎಲ್ಲ ಚಿಕಿತ್ಸೆಗಳೂ ಬೇಕಾಗುವದಿಲ್ಲ, ನಿಜ. ಆದರೆ ಯಾರಿಗೆ ಯಾವುದು ಬೇಡವೆಂಬುದನ್ನು ತೆಗೆದ ಗಂಟಿನ ಪರೀಕ್ಷಾವರದಿಯನ್ನು ಓದಬಲ್ಲವರು ಹೇಳಬೇಕು. ಸೋದರತ್ತೆಯೂ ಬೀಗರೂ ಹೇಳಬಾರದು.

ಇನ್ನು ಕಾಲಹರಣದ ವಿಷಯ. ಶ್ರಾವಣ ಮುಗಿಯಲಿ, ಹೆಸರಿನ ಸುಗ್ಗಿ ಮುಗಿಯಲಿ, ದೊಡ್ಡವಳ ಲಗ್ನವೊಂದು ಆಗಿಹೋಗಲಿ! ರೋಗಕ್ಕೆ ನಮ್ಮ ಪಂಚಾಂಗವು ತಿಳಿಯದು. ಶಸ್ತ್ರಕ್ರಿಯೆಯಾಗಿ ಮೂರು ತಿಂಗಳು ದಾಟಿದ ಮೇಲೆ ಕಿಮೊಥೆರಪಿ ಆರಂಭಿಸಿದವರಲ್ಲಿ ಸಾವು ಹೆಚ್ಚೆಂದು ಕ್ಯಾಲಿಫೋರ್ನಿಯಾದ ರೋಗಿಣಿಯರನ್ನು ಕುರಿತ 2016ರ ಅಧ್ಯಯನವೊಂದು ತೋರಿಸಿರುವದು. ಹಾರ್ಮೋನಿಗೆ ಸ್ಪಂದಿಸುವ ಜಾತಿಯ ಕ್ಯಾನ್ಸರಿನಲ್ಲಿ ಟ್ಯಾಮಾಕ್ಸಿಫೆನ್ ಗುಳಿಗೆಯನ್ನು ಐದು ವರ್ಷ ನುಂಗಿದರೆ ಆ ರೋಗದಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುವದು. ಬೆಲೆ ದೊಡ್ಡದಲ್ಲ. ಆದರೂ “ಆರಾಮ ಇದ್ದಾಳಲ್ಲ” ಎಂದು ಆರನೆಯ ತಿಂಗಳಿಗೆ ಬಿಡಿಸುವರು.

ಎಲ್ಲಕ್ಕಿಂತ ನನ್ನನ್ನು ರೇಗಿಸುವದು ಕೂದಲಿನ ಮಾತು. ಕಿಮೊಥೆರಪಿಯಿಂದ ತಲೆಗೂದಲು ಉದುರುವದು. ಮುತ್ತೈದೆಯ ತಲೆ ಬೋಳಾಗುವದು ಅಮಂಗಲವಂತೆ! ವಿಧವೆಯರ ಕೇಶಮುಂಡನ ಮಾಡಿಸಿ ಕೆಂಪು ಸೀರೆ ಉಡಿಸಿ ಮೂಲೆಗೆ ಕೂಡ್ರಿಸಿದ ಮನೆಗಳ ಮೊಮ್ಮಕ್ಕಳು ನಾವು. ಆ ಕತ್ತಿ ಹೋದರೂ ಅದರ ನೆರಳು ಇನ್ನೂ ಅಂಗಳದಲ್ಲಿಯೇ ಬಿದ್ದಿರುವದು. ಇಂಥವಳನ್ನು ಉಡಿ ತುಂಬಲು ಕರೆಯದ, ಆರತಿಗೆ ನಿಲ್ಲಿಸದ ಮನೆಗಳನ್ನು ನಾನು ಬಲ್ಲೆನು. ಅಲ್ಲಿ ಪದವೀಧರರಿಗೇನೂ ಕೊರತೆಯಿಲ್ಲ. ಔಷಧ ಮುಗಿದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುವದು. ಹೋದ ಜೀವ ಬರುವದೆ? ಅವಳು ಬೇಡವೆನ್ನುತ್ತಾಳೆ ಎಂದು ಗಂಡಂದಿರು ಹೇಳುವರು. ಬೇಡವೆನ್ನುವ ಹಾಗೆ ಅವಳನ್ನು ಮಾಡಿದವರಾರು?

ದೂರದ ತೊಂದರೆಯು ಮಾತ್ರ ನಿಜವಾದದ್ದು. ಅದನ್ನು ನಾನು ಹಗುರಾಗಿ ಎಣಿಸಲಾರೆನು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಾಗ ಗದಗವು ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಿಕರ ಕೈಯಲ್ಲಿದ್ದವು. ಅಂದು ಈ ರೋಗದ ಹೆಣ್ಣುಮಗಳಿಗೆ ಮುಂಬಯಿ ಎಂಬುದು ಕಾಶಿಯಷ್ಟೇ ದೂರ. ಇಂದು ಹುಬ್ಬಳ್ಳಿಯ ನವನಗರದಲ್ಲಿಯೇ ಕ್ಯಾನ್ಸರ್ ಆಸ್ಪತ್ರೆಯುಂಟು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯುಂಟು. ಬಡ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೀಟಿನ ಹಣವಿಲ್ಲ. ಜೊತೆಗೆ ಅಕ್ಕನೋ ತಂಗಿಯೋ ಹೋದರೆ ಅವಳಿಗೂ ಇಲ್ಲ. ಆದರೆ ಜನರು ‘ಕರೆಂಟು ಕೊಡಿಸುವದು’ ಎಂದು ಕರೆಯುವ ಕಿರಣಚಿಕಿತ್ಸೆಯು ವಾರಕ್ಕೆ ಐದು ದಿನ ನಡೆಯುವದು. ಮುಂಡರಗಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಹತ್ತಿರ. ಎದೆಯ ಗಾಯ ಮಾಯುತ್ತಿರುವವಳು, ಕೈ ಮೇಲೆತ್ತಲಾರದವಳು, ನಿತ್ಯ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬರಬಲ್ಲಳೆ? ಐದು ವಾರಗಳ ಕಿರಣವನ್ನು ಮೂರು ವಾರಗಳಲ್ಲಿ ಮುಗಿಸಬಹುದೆಂದು ಇಂಗ್ಲೆಂಡಿನ ಪ್ರಯೋಗಗಳು ಸಿದ್ಧಪಡಿಸಿರುವದರಿಂದ, ತಮಗೆ ಅದು ಸಲ್ಲುವದೋ ಎಂದು ಡಾಕ್ಟರರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಆ ಮೂರು ವಾರ ತಂಗಲು ಸ್ಥಳ ಬೇಕು.

ಆದಕಾರಣ ಈ ಸಂಘದ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ನವನಗರದ ಆಸುಪಾಸಿನಲ್ಲಿ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದು, ನಮ್ಮ ಜಿಲ್ಲೆಯ ರೋಗಿಣಿಯರಿಗೂ ಅವರ ಸಂಗಡಿಗರಿಗೂ ಬಿಟ್ಟುಕೊಡಬೇಕು. ಹಣವೆಲ್ಲಿಯದೆಂದರೆ, ವಾರ್ಷಿಕೋತ್ಸವದಲ್ಲಿ ಒಬ್ಬರಿಗೊಬ್ಬರು ಹೊದಿಸಿಕೊಳ್ಳುವ ಶಾಲುಗಳನ್ನು ಒಂದು ವರ್ಷ ನಿಲ್ಲಿಸಿ ಲೆಕ್ಕ ಹಾಕಿ ನೋಡಲಿ. ಇದು ಸಾಹಿತ್ಯಸಂಘದ ಕೆಲಸವಲ್ಲ ಎನ್ನುವವರು ಮುಂದಿನ ಸಂಚಿಕೆಯಲ್ಲಿ ಹಾಗೆಂದು ಬರೆಯಲಿ. ಉತ್ತರ ಕೊಡಲು ನಾನು ಸಿದ್ಧನಿರುವೆನು.