ಗೋಡೆಯನ್ನು ನೋಡುವವರು ಯಾರು?

ಬೆಂಗಳೂರಿನ ಉತ್ತರದಲ್ಲಿರುವ ಬಾಗಲೂರಿನ ಸುತ್ತ ಮನೆ ಕೊಳ್ಳುವವರು ಕಾಗದಪತ್ರದ ವಿಷಯದಲ್ಲಿ ಈಗ ಸಾಕಷ್ಟು ಎಚ್ಚರವಾಗಿದ್ದಾರೆ. ಮದರ್ ಡೀಡ್ (ಮೂಲ ಹಕ್ಕುಪತ್ರ), ಇಸಿ (ಋಣಭಾರ ಪ್ರಮಾಣಪತ್ರ), ಖಾತೆ ಎಲ್ಲವನ್ನೂ ವಕೀಲರಿಗೆ ತೋರಿಸುತ್ತಾರೆ. ವಾಸ್ತು ಹೇಳುವವರನ್ನೂ ಕರೆತರುತ್ತಾರೆ. ಕಟ್ಟಡ ನೋಡಲು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದೊಯ್ಯುವವರು ಮಾತ್ರ ಅಪರೂಪ. ಬ್ಯಾಂಕಿನವರು ನೋಡಿ ಹೋಗಿದ್ದಾರಲ್ಲ ಎಂಬ ಧೈರ್ಯ ಹಲವರಿಗೆ. ಆದರೆ ಬ್ಯಾಂಕ್ ಕಳಿಸುವ ಮೌಲ್ಯಮಾಪಕರು ಲೆಕ್ಕ ಹಾಕುವುದು ಕೊಡುವ ಸಾಲಕ್ಕೆ ಈ ಆಸ್ತಿ ಸಾಕೇ ಎಂಬುದನ್ನು. ಬಚ್ಚಲ ನೀರು ಕೆಳಮನೆಗೆ ಸೋರುತ್ತದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಕೊಳ್ಳುವವರ ಪರವಾಗಿಯೇ ನೋಡುವ ಒಬ್ಬರು ಬೇಕು, ಅದೂ ನೋಂದಣಿಗೆ ಮೊದಲು.

2024ರ ಅಕ್ಟೋಬರ್ 22ರಂದು ಹೆಣ್ಣೂರು ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಅನುಮತಿ ಮೀರಿ ಮಹಡಿ ಎಬ್ಬಿಸಿದ್ದು ಆಮೇಲೆ ಬಯಲಾಯಿತು. ಅದೇ ದಿನಗಳ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. 2021ರಲ್ಲೂ ಅಲ್ಲಿ ಹೀಗೇ ಆಗಿತ್ತು. ಹಾಗಾಗಿ ತಪಾಸಣೆ ಕಾಂಪೌಂಡಿನ ಹೊರಗೇ ಶುರುವಾಗಬೇಕು. ಮಂಜೂರಾದ ನಕ್ಷೆಯ ಮಹಡಿಗಳನ್ನು ಕಣ್ಣೆದುರಿನ ಕಟ್ಟಡದೊಂದಿಗೆ ಹೋಲಿಸಿ ನೋಡಬೇಕು. ಸರ್ವೆ ನಂಬರಿನ ಪಕ್ಕ ಕೆರೆಯೋ ರಾಜಕಾಲುವೆಯೋ ಇದೆಯೇ ಎಂಬುದು ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸಿಗುತ್ತದೆ.

ಒಳಗೆ ಹೋದ ಮೇಲೆ ಹೊಸ ಬಣ್ಣಕ್ಕೆ ಮರುಳಾಗಬಾರದು. ಒಂದೇ ಮೂಲೆಗೆ ಈಚೆಗೆ ಬಣ್ಣ ಹೊಡೆದಿದ್ದರೆ ಅಲ್ಲಿ ತೇವವಿತ್ತೇ ಎಂದು ಕೇಳಲೇಬೇಕು. ಬ್ಲಾಕಿನ ಗೋಡೆ ಕಾಂಕ್ರೀಟ್ ಕಂಬವನ್ನು ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿರುವ ಬಿರುಕು, ಕಂಬ ಅಥವಾ ತೊಲೆಯ ಮೇಲಿನ ಬಿರುಕು ಕಂಡರೆ ಎಂಜಿನಿಯರ್ ಒಪ್ಪುವ ತನಕ ಮುಂದುವರಿಯಬಾರದು. ಟೈಲ್ಸ್ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ. ಬಚ್ಚಲ ಕಿಂಡಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಅರ್ಥಿಂಗ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್‌ಗೆ ಅರ್ಧ ತಾಸು ಸಾಕು. ಬೋರ್‌ವೆಲ್ ಮತ್ತು ಟ್ಯಾಂಕರನ್ನು ನೆಚ್ಚಿದ ಈ ಭಾಗದಲ್ಲಿ ನೀರಿನ ಮೂಲವನ್ನು ವಿಚಾರಿಸದೆ, ನೀರನ್ನು ಲ್ಯಾಬಿಗೆ ಕೊಡದೆ ಮನೆ ಒಪ್ಪುವುದು ದೊಡ್ಡ ತಪ್ಪು.

ಹೇಗೂ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಎನ್ನುವವರಿದ್ದಾರೆ. 2016ರ ಆ ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ತಿಳಿಸಿದ ರಚನೆ ಅಥವಾ ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಇದು ದೊಡ್ಡ ಹಕ್ಕು, ನಿಜ. ಆದರೆ ಅದು ಕೈಗೆ ಬರುವುದು ದೋಷವನ್ನು ದಿನಾಂಕ, ಫೋಟೊ ಸಮೇತ ಬರಹದಲ್ಲಿ ತಿಳಿಸಿದವರಿಗೆ. ಬಾಯಿಮಾತಿನಲ್ಲಿ ಹೇಳಿ, ಸೈಟ್ ಸೂಪರ್‌ವೈಸರ್ ಒಪ್ಪಿಕೊಂಡರೆಂದು ಸುಮ್ಮನಾದವರಿಗಲ್ಲ. ಮೊದಲ ದಿನದ ಎಂಜಿನಿಯರ್ ವರದಿ ಕೈಯಲ್ಲಿದ್ದರೆ, ಮಳೆಗಾಲ ಕಳೆದ ಮೇಲೆ ಬಿರುಕು ಬೆಳೆದಿದೆಯೇ ಎಂದು ಹೋಲಿಸಿ ನೋಡಬಹುದು. ಹಳೇ ಮನೆ ಕೊಳ್ಳುವವರಿಗೆ ಬೆನ್ನಟ್ಟಲು ಬಹುಮಟ್ಟಿಗೆ ಬಿಲ್ಡರೂ ಇರುವುದಿಲ್ಲ. ಅಂಥವರು ಮುಂಗಡ ಕೊಡುವ ಕರಾರಿನಲ್ಲೇ ತಪಾಸಣೆಯ ಷರತ್ತು ಬರೆಸಿ, ದೋಷ ಕಂಡರೆ ಮುಂಗಡ ವಾಪಸ್ ಎಂದು ಸಹಿ ಹಾಕಿಸಿಕೊಳ್ಳಬೇಕು.